ಹಾಲು ಕುಡಿಯಲು ದಣಿಯುವ ಕಂದ



ರಾಜಾಜಿನಗರದ ಒಂದು ಸಾಮಾನ್ಯ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ತಾಯಿ ಎರಡು ತಿಂಗಳ ಬಾಣಂತಿ. ಮಗುವಿಗೆ ಮೊನ್ನೆ ಭಾನುವಾರವಷ್ಟೇ ಜ್ಞಾನಸ್ನಾನವಾಗಿದೆ. ಮನೆಯಲ್ಲಿ ಸಂತೋಷಕ್ಕೆ ಕೊರತೆಯಿಲ್ಲ. ಆದರೆ ತಾಯಿಗೆ ಮಾತ್ರ ಒಳಗೊಳಗೇ ಒಂದು ಅಳುಕು. ಎದೆಗೆ ಹಾಕಿಕೊಂಡರೆ ಮಗು ನಾಲ್ಕು ಗುಟುಕು ಕುಡಿದು ಬಿಟ್ಟುಬಿಡುತ್ತದೆ. ಏದುಸಿರು ಬಿಡುತ್ತದೆ. ಹಣೆಯ ಮೇಲೆ ಬೆವರು ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಹಸಿವಿನಿಂದ ಮತ್ತೆ ಅಳುತ್ತದೆ, ಮತ್ತೆ ನಾಲ್ಕು ಗುಟುಕು, ಮತ್ತೆ ದಣಿವು.

"ನಿನಗೆ ಹಾಲು ಸಾಲದು ಕಣಮ್ಮ, ಬಾಟಲಿ ಹಾಲು ಕೊಡು" ಎನ್ನುತ್ತಾರೆ ಅತ್ತೆ. "ಯಾರದೋ ದೃಷ್ಟಿ ತಾಕಿದೆ" ಎನ್ನುತ್ತಾರೆ ಪಕ್ಕದ ಮನೆಯವರು. ಚುಚ್ಚುಮದ್ದಿಗೆ ಹೋದಾಗ ವೈದ್ಯರು ಎದೆಗೆ ಸ್ಟೆತೋಸ್ಕೋಪ್ ಇಟ್ಟು ಕೊಂಚ ಹೆಚ್ಚು ಹೊತ್ತು ಆಲಿಸಿ, "ಹೃದಯದಲ್ಲಿ ಒಂದು ಸದ್ದು ಕೇಳಿಸುತ್ತಿದೆ, ಎಕೋ ಮಾಡಿಸಿ" ಎಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಮನೆಯ ಪೀಠದ ಮೇಲೆ, ಬಾಲಯೇಸುವಿನ ಚಿತ್ರದ ಕೆಳಗೆ ಸೇರುತ್ತದೆ. "ವೇಳಾಂಗಣಿಗೆ ಹರಕೆ ಹೊತ್ತಿದ್ದೇವೆ. ಹಬ್ಬ ಮುಗಿಸಿಕೊಂಡು ಬಂದು ನೋಡೋಣ" ಎಂಬ ತೀರ್ಮಾನವಾಗುತ್ತದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ, ಅನೇಕ ಮನೆಗಳ ಕಥೆ. ಇಂದಿನ ನಮ್ಮ ಪಾಠ ಆ ಚೀಟಿಯ ಕುರಿತಾದದ್ದು. ಹರಕೆ ಹೊರುವುದು ತಪ್ಪಲ್ಲ. ಆದರೆ ಆ ಚೀಟಿ ಹಬ್ಬದವರೆಗೆ ಕಾಯುವಂಥದ್ದಲ್ಲ.

ನಾಲ್ಕು ಕೋಣೆಗಳ ಮನೆ

ಹಿರಿಯರಿಗೆ ಬರುವ ಹೃದಯಾಘಾತವೇ ಬೇರೆ, ಮಕ್ಕಳ ಈ ಹೃದಯದೋಷವೇ ಬೇರೆ. ಹಿರಿಯರದು ವರ್ಷಗಟ್ಟಲೆ ನೀರು ಹರಿದ ಕೊಳವೆಯಲ್ಲಿ ಕಸ ಕಟ್ಟಿಕೊಂಡಂತೆ. ಮಗುವಿನದು ಮನೆ ಕಟ್ಟುವಾಗಲೇ ಒಂದು ಗೋಡೆ ಪೂರ್ತಿಯಾಗದೆ ಉಳಿದಂತೆ, ಅಥವಾ ಒಂದು ಬಾಗಿಲು ತಪ್ಪು ಜಾಗದಲ್ಲಿ ಕೂತಂತೆ.

ಮಗುವಿನ ಹೃದಯ ಸುಮಾರು ಅದರ ಮುಷ್ಟಿಯಷ್ಟಿರುತ್ತದೆ. ಅದರಲ್ಲಿ ನಾಲ್ಕು ಕೋಣೆಗಳು: ಮೇಲೆ ಎರಡು, ಕೆಳಗೆ ಎರಡು. ಬಲಭಾಗವು ಮೈಯಿಂದ ಬಂದ ಅಶುದ್ಧ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡಭಾಗಕ್ಕೆ ಬಂದು, ಅಲ್ಲಿಂದ ಇಡೀ ಮೈಗೆ ಹರಿಯುತ್ತದೆ. ಎರಡೂ ಭಾಗಗಳ ನಡುವೆ ಗೋಡೆಯಿರಬೇಕು.

ಮೇಲಿನ ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದ್ದರೆ ವೈದ್ಯರು ಎ.ಎಸ್.ಡಿ. ಎನ್ನುತ್ತಾರೆ. ಕೆಳಗಿನ ಕೋಣೆಗಳ ನಡುವೆ ಇದ್ದರೆ ವಿ.ಎಸ್.ಡಿ. ಮಗು ಗರ್ಭದಲ್ಲಿರುವಾಗ ಅದರ ಶ್ವಾಸಕೋಶಕ್ಕೆ ಕೆಲಸವಿಲ್ಲ. ಆದ್ದರಿಂದ ರಕ್ತವು ಶ್ವಾಸಕೋಶವನ್ನು ಬಳಸಿ ಹೋಗಲು ಒಂದು ಚಿಕ್ಕ ಅಡ್ಡನಾಳವಿರುತ್ತದೆ. ಹುಟ್ಟಿದ ಕೆಲವು ದಿನಗಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿದರೆ ಅದು ಪಿ.ಡಿ.ಎ. ಈ ಮೂರರಲ್ಲೂ ಶ್ವಾಸಕೋಶಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ರಕ್ತ ನುಗ್ಗುತ್ತದೆ. ರಂಧ್ರ ದೊಡ್ಡದಾಗಿದ್ದರೆ ಮಗು ಬೇಗ ಬೇಗ ಉಸಿರಾಡುತ್ತದೆ, ಹಾಲು ಕುಡಿಯಲು ದಣಿಯುತ್ತದೆ, ತೂಕ ಏರುವುದಿಲ್ಲ, ಪದೇ ಪದೇ ನ್ಯುಮೋನಿಯ ಬರುತ್ತದೆ.

ಇನ್ನೊಂದು ಗುಂಪು 'ನೀಲಿ ಮಕ್ಕಳು'. ಇವರಲ್ಲಿ ಅಶುದ್ಧ ರಕ್ತವು ಶುದ್ಧ ರಕ್ತದೊಡನೆ ಬೆರೆತು ಮೈಗೆ ಹೋಗುತ್ತದೆ. 'ಟೆಟ್ರಾಲಜಿ ಆಫ್ ಫ್ಯಾಲೋ' ಎಂಬುದು ಇವುಗಳಲ್ಲಿ ಹೆಚ್ಚಾಗಿ ಕಾಣುವಂಥದ್ದು. ಎರಡು ಮಹಾರಕ್ತನಾಳಗಳೇ ಅದಲುಬದಲಾಗಿ ಹುಟ್ಟುವ ಮಕ್ಕಳೂ ಉಂಟು.

ಇದು ಅಪರೂಪದ ಕಾಯಿಲೆಯೇ? ಅಲ್ಲ. ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಯಾವುದಾದರೊಂದು ಹೃದಯದೋಷವಿರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಇಂಥ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಾರೆಂದು ಅಂದಾಜು. ಇವರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಕ್ಕಳಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು.

ತಪ್ಪು ಯಾರದು?

ಸುದ್ದಿ ತಿಳಿದ ಕೂಡಲೇ ಅನೇಕ ಮನೆಗಳಲ್ಲಿ ಮೊದಲು ನಡೆಯುವುದು ವಿಚಾರಣೆ. "ಗ್ರಹಣದ ದಿನ ಹೊರಗೆ ಹೋದಳು", "ಪರಂಗಿ ಹಣ್ಣು ತಿಂದಳು", "ಇದು ಅವಳ ತವರಿನ ಕಡೆಯಿಂದ ಬಂದದ್ದು." ಹಸಿ ಬಾಣಂತಿ ಕಟಕಟೆಯಲ್ಲಿ ನಿಂತವಳಂತೆ ನಿಲ್ಲುತ್ತಾಳೆ.

ವಿಜ್ಞಾನ ಏನು ಹೇಳುತ್ತದೆ? ಗರ್ಭದ ಮೊದಲ ಎಂಟು ವಾರಗಳೊಳಗೆ ಹೃದಯದ ಕಟ್ಟಡ ಬಹುಪಾಲು ಮುಗಿದುಹೋಗಿರುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂಬುದೇ ಖಚಿತವಾಗಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಇಂಥದೇ ಕಾರಣವೆಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ. ಗ್ರಹಣಕ್ಕೂ ಪರಂಗಿ ಹಣ್ಣಿಗೂ ಇದರೊಡನೆ ಸಂಬಂಧವಿಲ್ಲ.

ಸಾಧ್ಯತೆಯನ್ನು ಹೆಚ್ಚಿಸುವ ಕೆಲವು ಸಂಗತಿಗಳು ಗೊತ್ತಿವೆ. ತಾಯಿಗೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲ ಸೋಂಕು, ವೈದ್ಯರನ್ನು ಕೇಳದೆ ತೆಗೆದುಕೊಂಡ ಕೆಲವು ಔಷಧಿಗಳು, ಮದ್ಯಪಾನ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಇವುಗಳಲ್ಲಿ ಮುಖ್ಯವಾದವು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಹೃದಯದೋಷವೂ ಇರುತ್ತದೆ. ಇವೆಲ್ಲ ಮುಂದಿನ ಎಚ್ಚರಕ್ಕೆ ತಿಳಿದಿರಬೇಕಾದ ಮಾತುಗಳು, ಆಗಿಹೋದದ್ದಕ್ಕೆ ತೀರ್ಪು ಕೊಡಲು ಅಲ್ಲ.

ಯೊವಾನ್ನನ ಶುಭಸಂದೇಶದ 9ನೆಯ ಅಧ್ಯಾಯವನ್ನು ನೆನೆಯಿರಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಕೇಳಿದ್ದು ಇದೇ ಪ್ರಶ್ನೆಯನ್ನು: ಪಾಪ ಯಾರದು, ಇವನದೋ ಹೆತ್ತವರದೋ? ಸ್ವಾಮಿ ಎರಡನ್ನೂ ಅಲ್ಲಗಳೆದರು. ಅಷ್ಟಕ್ಕೇ ನಿಲ್ಲದೆ, ಹಗಲಿರುವಾಗಲೇ ಕೆಲಸ ಮಾಡಬೇಕೆಂದು ಹೇಳಿ ಆ ಮನುಷ್ಯನಿಗಾಗಿ ಕೈಯಾರೆ ಕೆಲಸಕ್ಕಿಳಿದರು. ತಪ್ಪು ಹುಡುಕುತ್ತ ಕೂತರೆ ಹಗಲು ಕಳೆದುಹೋಗುತ್ತದೆ. ಈ ಮಕ್ಕಳ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ. ಹೇಗೆಂದು ನೋಡೋಣ.

ಮುಚ್ಚಿಹೋಗುವ ಬಾಗಿಲು

ಮೊದಲು ಸಮಾಧಾನದ ಮಾತು. ಹೃದಯದಲ್ಲಿ ರಂಧ್ರವಿರುವ ಪ್ರತಿಯೊಂದು ಮಗುವಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಚಿಕ್ಕ ವಿ.ಎಸ್.ಡಿ.ಗಳಲ್ಲಿ ಬಹಳಷ್ಟು ಮಗು ಬೆಳೆದಂತೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸ್ಟೆತೋಸ್ಕೋಪಿನಲ್ಲಿ ಕೇಳುವ ಎಲ್ಲ ಸದ್ದೂ ರೋಗವಲ್ಲ. ಆದರೆ ಯಾವುದು ಕಾಯಬಹುದಾದದ್ದು, ಯಾವುದು ಕಾಯಲಾಗದ್ದು ಎಂದು ತೀರ್ಮಾನಿಸಬೇಕಾದವರು ಮಕ್ಕಳ ಹೃದ್ರೋಗ ತಜ್ಞರು, ನಾವಲ್ಲ, ನೆರೆಮನೆಯವರಲ್ಲ. ಅದಕ್ಕೆ ಬೇಕಾದದ್ದು ಎಕೋ ಪರೀಕ್ಷೆ. ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಈ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ, ಎಕ್ಸ್-ರೇ ಕಿರಣವೂ ಇಲ್ಲ.

ಈಗ ಎಚ್ಚರದ ಮಾತು. ದೊಡ್ಡ ರಂಧ್ರದ ಮೂಲಕ ಶ್ವಾಸಕೋಶಕ್ಕೆ ರಭಸದಿಂದ ನುಗ್ಗುವ ರಕ್ತವು ಅಲ್ಲಿನ ಸೂಕ್ಷ್ಮ ನಾಳಗಳನ್ನು ದಿನದಿಂದ ದಿನಕ್ಕೆ ಗಡುಸು ಮಾಡುತ್ತದೆ. ಒಂದು ಹಂತದವರೆಗೆ ರಂಧ್ರ ಮುಚ್ಚಿದರೆ ನಾಳಗಳು ಚೇತರಿಸಿಕೊಳ್ಳುತ್ತವೆ. ಆ ಹಂತ ದಾಟಿದರೆ ಶ್ವಾಸಕೋಶದೊಳಗಿನ ಒತ್ತಡ ಎಷ್ಟು ಏರುತ್ತದೆಂದರೆ ರಕ್ತ ಹಿಮ್ಮುಖವಾಗಿ ಹರಿಯತೊಡಗುತ್ತದೆ, ಮಗು ನೀಲಿಗಟ್ಟುತ್ತದೆ. ಇದಕ್ಕೆ ಐಸೆನ್‌ಮೆಂಗರ್ ಸ್ಥಿತಿ ಎಂದು ಹೆಸರು. ಆಮೇಲೆ ರಂಧ್ರ ಮುಚ್ಚುವುದೇ ಪ್ರಾಣಕ್ಕೆ ಅಪಾಯ. ಅಂದರೆ ಮೊದಲ ವರ್ಷದಲ್ಲಿ ಸರಿಪಡಿಸಬಹುದಾಗಿದ್ದ ದೋಷವನ್ನು ಕೆಲವು ವರ್ಷ ಕಳೆದ ಮೇಲೆ ಜಗತ್ತಿನ ಯಾವ ಶಸ್ತ್ರವೈದ್ಯನೂ ಸರಿಪಡಿಸಲಾರ.

ಇದರಲ್ಲಿ ಒಂದು ಮೋಸವೂ ಇದೆ. ನಾಳಗಳು ಗಡುಸಾಗುತ್ತಿದ್ದಂತೆ ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗಿ, ಮಗುವಿನ ಏದುಸಿರೂ ಬೆವರೂ ಇಳಿದಂತೆ ಕಾಣಬಹುದು. "ನೋಡಿ, ಹರಕೆ ಫಲಿಸಿತು, ಮಗು ತಾನಾಗಿ ಸುಧಾರಿಸಿತು" ಎಂದು ಮನೆಯವರು ಸಂತೋಷಪಡುತ್ತಾರೆ. ವಾಸ್ತವದಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿರುತ್ತದೆ. ಆದ್ದರಿಂದ ಒಮ್ಮೆ ದೋಷವಿದೆಯೆಂದು ತಿಳಿದ ಮಗು ಚೆನ್ನಾಗಿ ಕಂಡರೂ ಪರೀಕ್ಷೆ ತಪ್ಪಿಸಬಾರದು.

ಒಂದೊಂದು ದೋಷಕ್ಕೂ ಒಂದೊಂದು ಕಾಲ. ರಕ್ತನಾಳಗಳು ಅದಲುಬದಲಾದ ಮಗುವಿಗೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆಯಾಗಬೇಕು. ತೊಂದರೆ ಕೊಡುವ ದೊಡ್ಡ ವಿ.ಎಸ್.ಡಿ.ಯನ್ನು ಸಾಮಾನ್ಯವಾಗಿ ಮೊದಲ ಆರು ತಿಂಗಳ ಆಸುಪಾಸಿನಲ್ಲಿ ಮುಚ್ಚುತ್ತಾರೆ. ಟೆಟ್ರಾಲಜಿಗೆ ಬಹುತೇಕ ಮೊದಲ ವರ್ಷದಲ್ಲಿ. ಎ.ಎಸ್.ಡಿ. ಮಾತ್ರ ಎರಡರಿಂದ ನಾಲ್ಕು ವರ್ಷದವರೆಗೆ ಕಾಯಬಲ್ಲುದು. "ಮಗು ಸ್ವಲ್ಪ ದಪ್ಪಗಾಗಲಿ, ಆಮೇಲೆ ಆಪರೇಷನ್ ಮಾಡಿಸೋಣ" ಎಂಬುದು ಹೆತ್ತವರ ಸಹಜ ಬಯಕೆ. ಆದರೆ ದೊಡ್ಡ ರಂಧ್ರವಿರುವ ಮಗು ತೂಕ ಏರದಿರುವುದೇ ಆ ರಂಧ್ರದ ದೆಸೆಯಿಂದ. ಅಟ್ಟ ಮೇಲೆ ಒಲೆ ಉರಿದರೇನು ಫಲ?

ಇವನ್ನು ಗಮನಿಸಿ

1. ಹಾಲು ಕುಡಿಯುವಾಗ ನಡುನಡುವೆ ನಿಲ್ಲಿಸುವುದು, ಏದುಸಿರು, ಹಣೆ ಬೆವರುವುದು.

2. ನಿದ್ದೆಯಲ್ಲೂ ಬೇಗ ಬೇಗ ಉಸಿರಾಟ. ಎರಡು ತಿಂಗಳೊಳಗಿನ ಮಗು ಸುಮ್ಮನಿರುವಾಗ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದ ಮಗು 50 ಅಥವಾ ಹೆಚ್ಚು ಸಲ ಉಸಿರಾಡಿದರೆ ತಡಮಾಡದೆ ತೋರಿಸಿ.

3. ತೂಕ ಏರದಿರುವುದು. ತಾಯಿ ಕಾರ್ಡಿನಲ್ಲಿ ತೂಕದ ಗೆರೆಯನ್ನು ನೋಡುತ್ತಿರಿ.

4. ಪದೇ ಪದೇ ಕೆಮ್ಮು, ಕಫ, ನ್ಯುಮೋನಿಯ.

5. ನೀಲಿ ಬಣ್ಣ. ನಮ್ಮ ಮಕ್ಕಳ ಕಂದು ಮೈಬಣ್ಣದಲ್ಲಿ ಇದು ಚರ್ಮದ ಮೇಲೆ ಕಾಣದೇ ಹೋಗಬಹುದು. ನಾಲಿಗೆ, ವಸಡು, ತುಟಿ, ಉಗುರುಗಳನ್ನು ಹಗಲು ಬೆಳಕಿನಲ್ಲಿ ನೋಡಿ.

6. ನಡೆಯುವ ವಯಸ್ಸಿನ ಮಗು ನಾಲ್ಕು ಹೆಜ್ಜೆ ಓಡಿ ಕುಕ್ಕುರುಗಾಲಿನಲ್ಲಿ ಕೂತುಬಿಡುವುದು. ನೀಲಿ ಮಗು ಅಳುತ್ತ ಇನ್ನಷ್ಟು ನೀಲಿಗಟ್ಟಿದರೆ ಎತ್ತಿಕೊಂಡು, ಅದರ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಒಂದು ಮಾತು ಕೇಳಿ: "ಮಗುವಿಗೆ ಆಕ್ಸಿಮೀಟರ್ ಪರೀಕ್ಷೆ ಆಯಿತೇ?" ಕೊರೋನಾ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಉಪಕರಣದ ಶಿಶುಗಳಿಗೆ ಹೊಂದುವ ರೂಪ ಅದು. ಹುಟ್ಟಿ ಒಂದು ದಿನ ಕಳೆದ ಮೇಲೆ ಮಗುವಿನ ಬಲಗೈ ಮತ್ತು ಒಂದು ಪಾದಕ್ಕೆ ಇಟ್ಟು ಆಮ್ಲಜನಕದ ಪ್ರಮಾಣ ನೋಡುತ್ತಾರೆ. ಅದು ಶೇಕಡ 95ಕ್ಕಿಂತ ಕಡಿಮೆಯಿದ್ದರೆ, ಅಥವಾ ಕೈಗೂ ಕಾಲಿಗೂ 3ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮತ್ತೆ ಪರೀಕ್ಷಿಸಬೇಕು. ಕೆಲವೇ ನಿಮಿಷಗಳ ಈ ಪರೀಕ್ಷೆ ಅನೇಕ ಗಂಭೀರ ದೋಷಗಳನ್ನು ಬಯಲಿಗೆ ತರುತ್ತದೆ.

ಬಸುರಿಯಲ್ಲೇ, 18ರಿಂದ 22 ವಾರಗಳ ನಡುವೆ, ಮಗುವಿನ ಹೃದಯದ ಸ್ಕ್ಯಾನಿಂಗ್ ಮಾಡಲು ಸಾಧ್ಯವಿದೆ. ಮೊದಲ ಮಗುವಿಗೆ ದೋಷವಿದ್ದವರು, ಸಕ್ಕರೆ ಕಾಯಿಲೆಯಿರುವ ತಾಯಂದಿರು ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ನಮ್ಮ ದೃಷ್ಟಿಯಲ್ಲಿ ಇದು ಮಗುವನ್ನು ಬೇಡವೆನ್ನಲು ಅಲ್ಲ, ಮಗುವಿಗಾಗಿ ಸಿದ್ಧರಾಗಲು. ಹೆರಿಗೆ ಎಲ್ಲಾಗಬೇಕು, ಹುಟ್ಟಿದ ಕೂಡಲೇ ಯಾರು ನೋಡಬೇಕು ಎಂಬುದು ಮೊದಲೇ ಗೊತ್ತಿದ್ದರೆ ಒಂದು ಜೀವ ಉಳಿಯುತ್ತದೆ.

ತಂದೆಯ ರಕ್ತದಲ್ಲಿ ಬದುಕಿದ ಘಳಿಗೆ

ಇಂದು ನಮಗೆ ಸಹಜವಾಗಿ ಕಾಣುವ ಈ ಚಿಕಿತ್ಸೆಗೆ ನೂರು ವರ್ಷವೂ ಆಗಿಲ್ಲ. 1938ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಎಂಬ ಯುವವೈದ್ಯರು ಒಬ್ಬ ಬಾಲಕಿಯ ಪಿ.ಡಿ.ಎ. ನಾಳವನ್ನು ಕಟ್ಟಿದರು. 1944ರಲ್ಲಿ ಬಾಲ್ಟಿಮೋರಿನಲ್ಲಿ ನೀಲಿ ಮಕ್ಕಳಿಗೆ ಮೊದಲ ಪರಿಹಾರ ಸಿಕ್ಕಿತು. ಅದರ ಹಿಂದೆ ಮೂವರಿದ್ದರು: ಕಿವಿ ಸರಿಯಾಗಿ ಕೇಳದಿದ್ದರೂ ಮಕ್ಕಳ ಹೃದಯವನ್ನು ಬೆರಳ ತುದಿಯಿಂದ ಅರಿತ ಹೆಲೆನ್ ತೌಸಿಗ್, ಶಸ್ತ್ರವೈದ್ಯ ಆಲ್‌ಫ್ರೆಡ್ ಬ್ಲಾಲಾಕ್, ಮತ್ತು ವೈದ್ಯಪದವಿ ಇಲ್ಲದಿದ್ದರೂ ಆ ವಿಧಾನವನ್ನು ಪ್ರಯೋಗಶಾಲೆಯಲ್ಲಿ ರೂಪಿಸಿಕೊಟ್ಟ ಕಪ್ಪುಜನಾಂಗದ ವಿವಿಯನ್ ಥಾಮಸ್.

ಆದರೆ ಹೃದಯದ ಒಳಗಿನ ರಂಧ್ರ ಮುಚ್ಚಬೇಕಾದರೆ ಹೃದಯವನ್ನೇ ತೆರೆಯಬೇಕು. ಅಷ್ಟು ಹೊತ್ತು ಮೈಗೆ ರಕ್ತ ಹರಿಸುವವರು ಯಾರು? 1954ರ ಮಾರ್ಚ್ 26ರಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಇದಕ್ಕೊಂದು ಉತ್ತರ ಕಂಡರು. ಸುಮಾರು ಒಂದು ವರ್ಷದ ಗಂಡು ಮಗುವಿನ ಪಕ್ಕದಲ್ಲೇ ಅದರ ತಂದೆಯನ್ನು ಮಲಗಿಸಿ, ಇಬ್ಬರ ರಕ್ತನಾಳಗಳನ್ನು ಕೊಳವೆಗಳಿಂದ ಜೋಡಿಸಿದರು. ಮಗುವಿನ ಹೃದಯ ತೆರೆದಿದ್ದಷ್ಟು ಹೊತ್ತು ತಂದೆಯ ಹೃದಯವೇ ಇಬ್ಬರಿಗಾಗಿ ಮಿಡಿಯಿತು. ವಿ.ಎಸ್.ಡಿ. ಮುಚ್ಚಿತು. ಆ ಮಗು 11 ದಿನಗಳ ನಂತರ ನ್ಯುಮೋನಿಯದಿಂದ ತೀರಿಕೊಂಡಿತು. ಆದರೆ ದಾರಿ ತೆರೆದಿತ್ತು. ಹೀಗೆ ಚಿಕಿತ್ಸೆ ಪಡೆದ 45 ಮಂದಿಯಲ್ಲಿ 28 ಮಂದಿ ಬದುಕಿ ಮನೆಗೆ ಮರಳಿದರು. ಮುಂದೆ ಆ ತಂದೆಯರ ಜಾಗಕ್ಕೆ ಯಂತ್ರ ಬಂತು. ಇಂದು ಮಗುವಿನ ಹೃದಯವನ್ನು ನಿಲ್ಲಿಸಿ ಸರಿಪಡಿಸುವಾಗ ರಕ್ತ ಹರಿಸುವುದು ಹೃದಯ-ಶ್ವಾಸಕೋಶ ಯಂತ್ರ.

ಯಂತ್ರ ಬಂದರೂ ಜನರ ಅಗತ್ಯ ತಪ್ಪಿಲ್ಲ. ವಿಶೇಷ ಆಸ್ಪತ್ರೆ ಎಂದರೆ ದೊಡ್ಡ ಕಟ್ಟಡವಲ್ಲ, ಒಂದು ತಂಡ. ಎಕೋ ನೋಡಿ ನಿರ್ಧರಿಸುವ ಮಕ್ಕಳ ಹೃದ್ರೋಗ ತಜ್ಞರು, ಶಸ್ತ್ರವೈದ್ಯರು, ಮೂರು ಕಿಲೋ ತೂಕದ ಶಿಶುವಿಗೆ ಅರಿವಳಿಕೆ ಕೊಡಬಲ್ಲವರು, ಯಂತ್ರ ನಡೆಸುವವರು, ತೀವ್ರ ನಿಗಾ ಘಟಕದಲ್ಲಿ ಹಗಲಿರುಳು ಕಣ್ಣಿಟ್ಟು ಕಾಯುವ ದಾದಿಯರು ಇವರೆಲ್ಲ ಸೇರಿದ್ದೇ ಚಿಕಿತ್ಸೆ. ಎದೆ ತೆರೆಯದೆ ಮಾಡುವ ಚಿಕಿತ್ಸೆಯೂ ಉಂಟು. ತೊಡೆಯ ರಕ್ತನಾಳದ ಮೂಲಕ ಸಣ್ಣ ನಳಿಕೆ ತೂರಿಸಿ, ಅದರೊಳಗಿಂದ ಕೊಡೆಯಂತೆ ಬಿಚ್ಚಿಕೊಳ್ಳುವ ಸಾಧನವನ್ನಿಟ್ಟು ಅನೇಕ ಎ.ಎಸ್.ಡಿ., ಪಿ.ಡಿ.ಎ.ಗಳನ್ನು ಮುಚ್ಚುತ್ತಾರೆ. ಇಂಥ ಮಗು ಒಂದೆರಡು ದಿನಗಳಲ್ಲೇ ಮನೆಗೆ ಮರಳುವುದುಂಟು.

ರಾಜಾಜಿನಗರದಿಂದ ದಾರಿ

ಇಂಥ ತಂಡಗಳಿಗಾಗಿ ನಾವು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಊರಿನಲ್ಲೇ ಇವೆ.

ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಜಯದೇವ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಯ ಬಳಿ ಇದೆ. ಮೈಸೂರು, ಕಲಬುರಗಿಗಳಲ್ಲೂ ಅದರ ಶಾಖೆಗಳಿವೆ. ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದ ಕಾಲದಲ್ಲಿ 'ಮೊದಲು ಚಿಕಿತ್ಸೆ, ಆಮೇಲೆ ಹಣ' ಎಂಬ ನೀತಿಯಿಂದ ಅದು ಬಡವರಲ್ಲಿ ಹೆಸರಾಯಿತು. ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯವಿದೆ. ಅದರ ಸ್ಥಾಪಕರಾದ ಡಾ. ದೇವಿಪ್ರಸಾದ್ ಶೆಟ್ಟಿ ದಕ್ಷಿಣ ಕನ್ನಡದ ಕಿನ್ನಿಗೋಳಿಯವರು, ಕಲ್ಕತ್ತೆಯಲ್ಲಿದ್ದಾಗ ಮದರ್ ತೆರೇಸಾ ಅವರಿಗೆ ಚಿಕಿತ್ಸೆ ನೀಡಿದವರು. ವೈಟ್‌ಫೀಲ್ಡಿನ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆ 2001ರಿಂದ ಜಾತಿಮತ ನೋಡದೆ ಉಚಿತವಾಗಿ ಹೃದಯ ಚಿಕಿತ್ಸೆ ನೀಡುತ್ತ ಬಂದಿದೆ.

ಹಿಂದೆ ಪಶ್ಚಿಮ ಬೆಂಗಳೂರಿನವರಿಗೆ ಇವೆಲ್ಲ ಊರಿನ ಆಚೆ ತುದಿ. ಈಗ ರಾಜಾಜಿನಗರ ನಿಲ್ದಾಣದಲ್ಲಿ ಹಸಿರು ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಜಯದೇವ ಆಸ್ಪತ್ರೆಯ ನಿಲ್ದಾಣ ಸಿಗುತ್ತದೆ. ಅದೇ ಮಾರ್ಗದ ಕೊನೆಯಲ್ಲಿ ಬೊಮ್ಮಸಂದ್ರ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಸತ್ಯಸಾಯಿ ಆಸ್ಪತ್ರೆಯ ನಿಲ್ದಾಣ. ವಿಜಯನಗರ, ಕೆಂಗೇರಿಯವರಿಗೆ ಅದು ನೇರ ದಾರಿ. ನೆನಪಿರಲಿ, ಇದು ಪರೀಕ್ಷೆಗೆ ಹೋಗುವ ದಿನದ ದಾರಿ. ಉಸಿರಿಗೆ ಕಷ್ಟಪಡುವ ಮಗುವಿಗೆ 108 ಕರೆಯಿರಿ, ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.

ಹಣದ ಮಾತು ಬಾರದೆ ಇರದು. "ನಮ್ಮಂಥವರಿಗೆ ಲಕ್ಷಗಟ್ಟಲೆ ಎಲ್ಲಿಂದ?" ಎಂದು ಕೈಚೆಲ್ಲುವ ಮುನ್ನ ಇವನ್ನು ವಿಚಾರಿಸಿ:

ಮೊದಲನೆಯದು, ಇ.ಎಸ್.ಐ. ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿಗಳಲ್ಲಿ ದುಡಿದು ಸಂಬಳದಿಂದ ಇ.ಎಸ್.ಐ. ಕಡಿತವಾಗುತ್ತಿದ್ದರೆ ನಿಮ್ಮ ಮಗುವೂ ಅದರ ಫಲಾನುಭವಿ. ನಮ್ಮ ರಾಜಾಜಿನಗರದಲ್ಲೇ ಇ.ಎಸ್.ಐ. ನಿಗಮದ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಇದೆ. ಮಗುವಿನ ಹೆಸರನ್ನು ಕಾರ್ಡಿಗೆ ಸೇರಿಸುವುದನ್ನು ಮುಂದೂಡಬೇಡಿ. ಹೃದಯ ಶಸ್ತ್ರಚಿಕಿತ್ಸೆಯಂಥ ವಿಶೇಷ ಚಿಕಿತ್ಸೆಗೆ ಒಪ್ಪಂದದ ಆಸ್ಪತ್ರೆಗಳಿಗೆ ಶಿಫಾರಸು ಮಾಡುವ ಏರ್ಪಾಡಿದೆ. ಅದಕ್ಕೆ ಸೇವಾವಧಿಯ ಷರತ್ತುಗಳಿರುವುದರಿಂದ ಮೊದಲೇ ಕೇಳಿಕೊಳ್ಳಿ.

ಎರಡನೆಯದು, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಬಿ.ಪಿ.ಎಲ್. ಪಡಿತರ ಚೀಟಿಯಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು.

ಮೂರನೆಯದು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಇದರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಹೃದಯದೋಷವೂ ಅವರ ಪಟ್ಟಿಯಲ್ಲಿದೆ. ಆ ದಿನ ಮಗುವನ್ನು ಶಾಲೆಗೆ ತಪ್ಪಿಸಬೇಡಿ.

ಪಡಿತರ ಚೀಟಿ, ಆಧಾರ್, ಜನನ ಪತ್ರ, ಹಿಂದಿನ ಎಲ್ಲ ವರದಿಗಳು ಇವುಗಳನ್ನು ಒಂದೇ ಚೀಲದಲ್ಲಿಡಿ. ಅರ್ಧ ಓಡಾಟ ಅಲ್ಲೇ ಉಳಿಯುತ್ತದೆ.

ಹೆಣ್ಣುಮಗುವಿನ ಎದೆ

ಈಗ ಹೇಳಲು ಕಷ್ಟವಾದ ಒಂದು ಮಾತು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದ ಮಕ್ಕಳಲ್ಲಿ ಗಂಡುಮಕ್ಕಳ ಪೈಕಿ ಶೇಕಡ 70ರಷ್ಟು ಮಂದಿಗೆ ಅದಾಯಿತು. ಹೆಣ್ಣುಮಕ್ಕಳಲ್ಲಿ ಶೇಕಡ 44 ಮಾತ್ರ. ರೋಗ ಒಂದೇ, ಆಸ್ಪತ್ರೆ ಒಂದೇ, ವೈದ್ಯರ ಸಲಹೆ ಒಂದೇ. ತೀರ್ಮಾನ ಮಾತ್ರ ಮನೆಯಲ್ಲಿ ಬದಲಾಯಿತು.

"ಎದೆಯ ಮೇಲೆ ಗಾಯದ ಗುರುತಿದ್ದರೆ ನಾಳೆ ಯಾರು ಮದುವೆಯಾಗುತ್ತಾರೆ?" ಎಂಬ ಮಾತು ನಮ್ಮ ಮನೆಗಳಲ್ಲೂ ಬರುವುದಿಲ್ಲವೇ? ಗುರುತಿಲ್ಲದ ಮಗಳು ಬೇಕೋ, ಬದುಕಿರುವ ಮಗಳು ಬೇಕೋ? ಸಕಾಲದಲ್ಲಿ ದೋಷ ಸರಿಪಡಿಸಿದ ಬಹಳಷ್ಟು ಹೆಣ್ಣುಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ತಜ್ಞರ ಸಲಹೆಯಂತೆ ನಡೆದು ತಾಯಂದಿರೂ ಆಗುತ್ತಾರೆ. ಸೊಸೆಯನ್ನು ಹುಡುಕುವ ಹಿರಿಯರೂ ಇದನ್ನು ತಿಳಿದಿರಬೇಕು.

ಮನೆಯವರೂ ಧರ್ಮಕೇಂದ್ರದವರೂ ಮಾಡಬಹುದಾದದ್ದು

ಶಸ್ತ್ರಚಿಕಿತ್ಸೆಗೆ ಮುಂಚೆ ಮಗುವಿನ ಚುಚ್ಚುಮದ್ದುಗಳು ಸಕಾಲದಲ್ಲಾಗಲಿ. ಎದೆಹಾಲು ನಿಲ್ಲಿಸಬೇಡಿ; ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕುಡಿಸಿ. ಹಲ್ಲು ಬಂದ ಮಕ್ಕಳ ಬಾಯಿ ಶುಚಿಯಾಗಿರಲಿ. ಹುಳುಕು ಹಲ್ಲಿನ ಸೋಂಕು ರಕ್ತದ ಮೂಲಕ ಹೃದಯಕ್ಕೆ ಇಳಿಯಬಲ್ಲುದು. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಹೃದಯದ ವಿಷಯ ತಿಳಿಸಿ. ಶಸ್ತ್ರಚಿಕಿತ್ಸೆಯಾಗಿ ಮಗು ಆಡತೊಡಗಿದ ಮೇಲೂ ತಪಾಸಣೆಗೆ ಹೋಗುವುದನ್ನು ಬಿಡಬೇಡಿ. ಕೆಲವರಿಗೆ ಅದು ಜೀವನಪರ್ಯಂತ ಬೇಕು.

ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕೂತ ತಂದೆತಾಯಿಗೆ ಬೇಕಾದದ್ದು ಉಪದೇಶವಲ್ಲ. ಶಸ್ತ್ರಚಿಕಿತ್ಸೆಗೆ ರಕ್ತ ಬೇಕು; ನಾಲ್ವರು ಯುವಕರು ಹೋಗಿ ಕೊಟ್ಟು ಬನ್ನಿ. ಮನೆಯಲ್ಲಿ ಉಳಿದ ದೊಡ್ಡ ಮಗುವನ್ನು ಶಾಲೆಗೆ ಕಳುಹಿಸುವವರು ಬೇಕು. ಒಂದು ಕ್ಯಾರಿಯರ್ ಊಟ ಬೇಕು. ರಜೆಯಿಲ್ಲದ ತಂದೆಗೆ ಬದಲಾಗಿ ಒಂದು ರಾತ್ರಿ ಕೂರುವವರು ಬೇಕು. ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರಿಗೂ ಕಿರುಸಮುದಾಯಗಳವರಿಗೂ ಇದಕ್ಕಿಂತ ಹತ್ತಿರದ ಸೇವೆ ಯಾವುದು? ಎಲ್ಲ ಮಕ್ಕಳೂ ಉಳಿಯುತ್ತಾರೆಂದು ಯಾವ ವೈದ್ಯರೂ ಮಾತು ಕೊಡಲಾರರು. ಮಗು ಉಳಿಯದೆ ಹೋದ ಮನೆಗೆ ಹೋದಾಗ ಕಾರಣ ಹೇಳಲು ಹೊರಡಬೇಡಿ. ಜೊತೆಯಲ್ಲಿ ಕೂತು ಬನ್ನಿ.

ಇನ್ನು ಪ್ರಾರ್ಥನೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಎರಡನ್ನೂ ಒಟ್ಟಿಗೆ ಹೇಳುತ್ತದೆ: ಕಾಯಿಲೆಯಲ್ಲಿ ದೇವರಿಗೆ ಮೊರೆಯಿಡು, ವೈದ್ಯನಿಗೂ ಎಡೆಕೊಡು, ಅವನನ್ನೂ ದೇವರೇ ಸೃಷ್ಟಿಸಿದ್ದು. ವಿವೇಕನಗರದ ಬಾಲಯೇಸುವಿನ ಮುಂದೆ ಗುರುವಾರ ಮೊಂಬತ್ತಿ ಹಚ್ಚಿ, ತಪ್ಪೇನಿಲ್ಲ. ಆದರೆ ಬುಧವಾರವೇ ಎಕೋ ಆಗಬಹುದಾಗಿದ್ದರೆ ಬುಧವಾರವೇ ಆಗಲಿ.

ಯಾಯಿರನೆಂಬ ತಂದೆಯನ್ನು ನೆನೆಯಿರಿ. ಹನ್ನೆರಡು ವರ್ಷದ ಮಗಳಿಗಾಗಿ, ಹೆಣ್ಣುಮಗುವಿಗಾಗಿ, ಆತ ತನ್ನ ದೊಡ್ಡಸ್ತಿಕೆ ಮರೆತು ಜನಜಂಗುಳಿಯಲ್ಲಿ ಓಡಿಬಂದು ಯೇಸುವಿನ ಪಾದಕ್ಕೆರಗಿದ. ಮಗಳು ಎದ್ದ ಮೇಲೆ ಸ್ವಾಮಿ ಹೆತ್ತವರಿಗೆ ಹೇಳಿದ್ದು ಏನು? ಆಕೆಗೆ ತಿನ್ನಲು ಏನಾದರೂ ಕೊಡಿರೆಂದು. ದಣಿಯದೆ, ಬೆವರದೆ, ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆಹೋಗುವ ಕಂದನನ್ನು ಮಡಿಲಲ್ಲಿ ಕಾಣುವ ಭಾಗ್ಯ ಆ ರಾಜಾಜಿನಗರದ ತಾಯಿಗೂ ಸಿಗಲಿ. ಅದಕ್ಕಾಗಿ ಬಾಲಯೇಸುವಿನ ಚಿತ್ರದ ಕೆಳಗಿರುವ ಆ ಚೀಟಿಯನ್ನು ಇಂದೇ ಕೈಗೆತ್ತಿಕೊಳ್ಳಿ.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯಲ್ಲಿ, ನೆಂಟರಲ್ಲಿ, ವೈದ್ಯರು ಬರೆದುಕೊಟ್ಟ ಯಾವುದಾದರೂ ಚೀಟಿ ಹಾಗೆಯೇ ಉಳಿದಿದೆಯೇ?

2. ಮಗುವಿನ ಕಾಯಿಲೆಗಾಗಿ ತಾಯಿಯೊಬ್ಬಳನ್ನು ನಾವು ಎಂದಾದರೂ ದೂರಿದ್ದೇವೆಯೇ? ಹಾಗಿದ್ದರೆ ಆಕೆಗೆ ಹೇಳಬೇಕಾದ ಮಾತೇನು?

3. ಇದೇ ಕಾಯಿಲೆ ಮಗನಿಗೆ ಬಂದಿದ್ದರೆ ಮಾಡುತ್ತಿದ್ದುದನ್ನೆಲ್ಲ ಮಗಳಿಗೂ ಮಾಡುತ್ತೇವೆಯೇ?

4. ನಮ್ಮ ಬೀದಿಯಲ್ಲಿ ಇಂಥ ಮಗುವಿರುವ ಮನೆಗೆ ಈ ವಾರ ನಾವು ಮಾಡಬಹುದಾದ ಒಂದು ಕೆಲಸ ಯಾವುದು?